ಮಾಡು ಬೇರೆ, ಮಾಳಿಗೆ ಬೇರೆ

‘ಛಾವಣಿ’ ಪದಕ್ಕೆ ಸಮಾನಾರ್ಥಕ ಪದಗಳನ್ನು ಬರೆಯಿರಿ. ಶಾಲೆ ಮಕ್ಕಳ ಅಭ್ಯಾಸ ಪುಸ್ತಕಗಳಲ್ಲಿ ಇಂಥ ಪ್ರಶ್ನೆ ಇದ್ದೇ ಇರುತ್ತದೆ. ಉತ್ತರವೂ ಸಿದ್ಧ: ಸೂರು, ಮಾಡು, ಮಾಳಿಗೆ, ತಾರಸಿ, ಚಪ್ಪರ, ಹೊದಿಕೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಈ ಪಟ್ಟಿ ನೋಡಿದಾಗಲೆಲ್ಲ ನನಗೆ ತಕರಾರು ತೆಗೆಯಬೇಕು ಅನಿಸುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಮಾತಾಡಿ ನೋಡಿ. ತೀರ್ಥಹಳ್ಳಿ ಕಡೆಯ ಹಂಚಿನ ಮನೆಯವರಿಗೆ ‘ನಿಮ್ಮ ಮಾಳಿಗೆ ಚೆನ್ನಾಗಿದೆ’ ಅಂದರೆ ಅವರು ಉಪ್ಪರಿಗೆ ಕಡೆ ನೋಡುತ್ತಾರೆ. ಚಳ್ಳಕೆರೆ ಕಡೆಯ ಹಳ್ಳಿಯಲ್ಲಿ ‘ನಿಮ್ಮನೆ ಮಾಡು ಸೋರುತ್ತಾ?’ ಅಂತ ಕೇಳಿದರೆ, ಮಾಡು ಅಂದರೇನು ಅಂತ ಅವರೇ ನಿಮ್ಮನ್ನು ಕೇಳುತ್ತಾರೆ. ಮಳೆ ಬಂತು ಅಂತ ಚಪ್ಪರದ ಕೆಳಗೆ ಓಡಿದವರಂತೂ ಪೂರ್ತಿ ನೆನೆಯುತ್ತಾರೆ.

ನನಗೆ ಎರಡೂ ಕಡೆ ಮನೆಯುಂಟು. ಅಪ್ಪನ ಊರು ಚಳ್ಳಕೆರೆ ಸೀಮೆ, ಅಮ್ಮನ ಊರು ತೀರ್ಥಹಳ್ಳಿ ಹತ್ತಿರ. ಬೆಳಿಗ್ಗೆ ಒಂದು ಊರಲ್ಲಿ ಬಸ್ಸು ಹತ್ತಿದರೆ ಸಂಜೆಯೊಳಗೆ ಇನ್ನೊಂದು ಊರು ಸೇರಬಹುದು. ಆದರೆ ಮಳೆಯ ಲೆಕ್ಕದಲ್ಲಿ ಅವು ಬೇರೆ ಬೇರೆ ಲೋಕ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಚಳ್ಳಕೆರೆಯಲ್ಲಿ 500 ಮಿಲಿಮೀಟರ್ ಬಿದ್ದರೆ ‘ಈ ಸಲ ಪರವಾಗಿಲ್ಲ’ ಅನ್ನುತ್ತಾರೆ. ಒಂದು ಕಡೆ ತಲೆ ಮೇಲಿನ ಹೊದಿಕೆಗೆ ನೀರನ್ನು ಆದಷ್ಟು ಬೇಗ ಕೆಳಗೆ ಇಳಿಸುವ ಕೆಲಸ. ಇನ್ನೊಂದು ಕಡೆ ಬಿಸಿಲನ್ನು ತಡೆಯುವ ಕೆಲಸ. ಕೆಲಸ ಬೇರೆಯಾದ ಮೇಲೆ ವಸ್ತು ಬೇರೆ, ವಸ್ತು ಬೇರೆಯಾದ ಮೇಲೆ ಮಾತೂ ಬೇರೆ. ಮಾಡು ಇಳಿಜಾರು. ಮಾಳಿಗೆ ಸಮತಟ್ಟು. ಮಾಳಿಗೆ ಮೇಲೆ ಹತ್ತಿ ಮಲಗಬಹುದು. ಮಾಡಿನ ಮೇಲೆ ಮಲಗಿದೆ ಅಂತ ಯಾರೂ ಹೇಳುವುದಿಲ್ಲ.

ಮೊದಲು ಮಾಳಿಗೆಯ ಮಾತು. ಅಪ್ಪನ ಊರಿನ ಹಳೇ ಮನೆಗಳೆಲ್ಲ ಮಾಳಿಗೆ ಮನೆಗಳು. ಬಡಗಣ ಕರ್ನಾಟಕದಲ್ಲಿ ಇದಕ್ಕೇ ಮೇಲ್ಮುದ್ದಿ ಅನ್ನುತ್ತಾರೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಡ್ಡ ಜಂತಿ. ಜಂತಿಗಳ ಮೇಲೆ ಒತ್ತೊತ್ತಾಗಿ ಸಣ್ಣ ಕಟ್ಟಿಗೆ, ಅದರ ಮೇಲೆ ಸೊಪ್ಪು, ಅದರ ಮೇಲೆ ದಪ್ಪಗೆ ಮಣ್ಣು. ಇಷ್ಟಾದ ಮೇಲೆ ಎಲ್ಲಕ್ಕಿಂತ ಮುಖ್ಯವಾದ ಕೊನೆಯ ಪದರ: ಕರ್ಲು ಮಣ್ಣು. ಊರ ಹೊರಗೆ, ಬೆಳೆ ಬಾರದ ಬೆಳ್ಳನೆ ನೆಲದಲ್ಲಿ ಸಿಗುವ ಮಣ್ಣು ಅದು. ಸವುಳು ಮಣ್ಣು ಅಂತಲೂ ಕರೆಯುತ್ತಾರೆ.

ಈ ಕರ್ಲು ಮಣ್ಣಿನ ಗುಟ್ಟು ನನಗೆ ಬಹಳ ಇಷ್ಟ. ಅದರಲ್ಲಿ ಸೋಡಿಯಂ ಜಾಸ್ತಿ. ನೀರು ತಾಗಿದ ಕೂಡಲೇ ಅದರೊಳಗಿನ ಜೇಡಿ ಕಣಗಳು ಬಿಡಿಬಿಡಿಯಾಗಿ ಚದುರುತ್ತವೆ, ಉಬ್ಬುತ್ತವೆ, ಇರುವ ಸಣ್ಣ ಸಣ್ಣ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಆಮೇಲೆ ನೀರು ಕೆಳಗಿಳಿಯುವುದಿಲ್ಲ, ಮೇಲೇ ಹರಿದು ಹೋಗುತ್ತದೆ. ಹೊಲದಲ್ಲಿ ಇದೇ ಗುಣ ರೈತನಿಗೆ ಶಾಪ. ನೀರು ಇಂಗದು, ಬೇರು ಉಸಿರಾಡದು, ಬೆಳೆ ಬಾರದು. ಆ ಶಾಪವನ್ನೇ ಬುಟ್ಟಿಯಲ್ಲಿ ಹೊತ್ತು ತಂದು ಮನೆ ಮೇಲೆ ಹರವಿ ವರ ಮಾಡಿಕೊಂಡರಲ್ಲ, ಯಾವ ಕಾಲೇಜಿನಲ್ಲಿ ಓದಿ ಕಲಿತದ್ದು ಅದು? ಮಣ್ಣು ತಿಂದು ನೋಡಿ, ಮುಟ್ಟಿ ನೋಡಿ, ಮಳೆಯಲ್ಲಿ ಅದು ಹೇಗಿರುತ್ತದೆ ಅಂತ ತಲೆಮಾರುಗಟ್ಟಲೆ ಕಂಡು ಕಲಿತದ್ದು.

ಆದರೆ ಮಾಳಿಗೆ ಒಮ್ಮೆ ಮಾಡಿ ಮರೆಯುವ ವಸ್ತು ಅಲ್ಲ. ಯುಗಾದಿ ಕಳೆದು ಮುಂಗಾರು ಹಿಡಿಯುವ ಮೊದಲು ಮೇಲೆ ಹತ್ತಿ ನೋಡಬೇಕು. ಬಿರುಕು ಬಿಟ್ಟ ಕಡೆ ಹೊಸ ಕರ್ಲು ಹಾಕಬೇಕು. ಬೆಳೆದ ಹುಲ್ಲನ್ನು ಬೇರುಸಹಿತ ಕೀಳಬೇಕು, ಯಾಕೆಂದರೆ ಬೇರು ಇಳಿದ ದಾರಿಯಲ್ಲೇ ನೀರೂ ಇಳಿಯುತ್ತದೆ. ಇರುವೆ ಗೂಡು ಕಟ್ಟಿದ್ದರೆ ಮುಚ್ಚಬೇಕು. ನೀರು ಹೋಗುವ ದೋಣಿಯ ಬಾಯಿ ಬಿಡಿಸಬೇಕು. ಮಕ್ಕಳು ಮೇಲೆ ಕುಣಿದಾಡಿದರೆ ಅಜ್ಜಿ ಕೆಳಗಿನಿಂದಲೇ ಕೂಗುತ್ತಿದ್ದಳು: ‘ಮಾಳ್ಗೆ ಮ್ಯಾಲೆ ಧಡಧಡ ಅನ್ಬ್ಯಾಡ್ರೋ, ಮಣ್ಣು ಉದುರ್ತೈತೆ!’ ಉದುರುತ್ತಿದ್ದುದು ನೇರವಾಗಿ ಅಡುಗೆ ಪಾತ್ರೆಗೆ.

ಶಿಶುನಾಳ ಷರೀಫರ ಮಾಳಿಗೆಯ ಹಾಡು ಎಲ್ಲರಿಗೂ ಗೊತ್ತು. ಅದನ್ನು ತತ್ವಪದ ಅಂತ ಹಾಡುತ್ತೇವೆ, ಅಜ್ಞಾನದ ಅರ್ಥ ಹೇಳುತ್ತೇವೆ. ಸರಿ. ಆದರೆ ಆ ಹಾಡಿನೊಳಗಿನ ಮನೆಯನ್ನು ಒಮ್ಮೆ ಮನೆಯಾಗಿಯೇ ನೋಡಿ. ಮುರುಕು ತೊಲೆ ಇದೆ, ಹುಳುಕು ಜಂತಿ ಇದೆ. ಮೇಲೆ ಕರಕಿ ಹುಲ್ಲು ಹತ್ತಿದೆ. ಇರುವೆ ಮುತ್ತಿದೆ. ನೀರಿನ ರಭಸಕ್ಕೆ ಮಣ್ಣು ಕರಗಿದೆ. ಮೇಲಕ್ಕೇರಿ ಸರಿಮಾಡುವವರು ಯಾರೂ ಇಲ್ಲ. ಮೇಲ್ಮುದ್ದಿ ಮನೆ ಯಾವ ಯಾವ ಕಾರಣಕ್ಕೆ ಸೋರುತ್ತದೆ ಎಂಬುದರ ಪೂರ್ತಿ ಪಟ್ಟಿಯೇ ಅಲ್ಲಿದೆ. ಒಂದು ಕಾರಣವೂ ಬಿಟ್ಟುಹೋಗಿಲ್ಲ. ಷರೀಫರು (1819–1889) ಆ ಮಣ್ಣಿನ ಮನೆಗಳ ಸೀಮೆಯವರು. ಅವರ ಹಾಡು ಕೇಳುತ್ತಿದ್ದ ಜನ ಆ ವರ್ಷವೂ ಮಾಳಿಗೆಗೆ ಮಣ್ಣು ಹಾಕಿ ಬಂದವರು. ಆತ್ಮದ ಕಡೆ ಗಮನ ಕೊಡದಿದ್ದರೆ ಏನಾಗುತ್ತದೆ ಅನ್ನುವುದು ಅವರಿಗೆ ಅರ್ಥ ಮಾಡಿಸಿ ಹೇಳುವ ಅಗತ್ಯ ಇರಲಿಲ್ಲ. ಕಾಂಕ್ರೀಟಿನ ಕೆಳಗೆ ಕೂತು ಕೇಳುವ ನಮಗೆ ಆ ಹಾಡಿನ ಅರ್ಧ ಭಾರ ತಪ್ಪಿಹೋಗುತ್ತದೆ ಅಂತ ನನಗೆ ಅನಿಸುತ್ತದೆ.

ಮಾಳಿಗೆಯ ಸುಖವನ್ನೂ ಹೇಳಬೇಕಲ್ವಾ? ಬೇಸಿಗೆಯ ಮಧ್ಯಾಹ್ನ ಹೊರಗೆ ಬೆಂಕಿ ಸುರಿಯುತ್ತಿದ್ದರೂ ಒಳಗೆ ತಂಪು. ಅಷ್ಟು ದಪ್ಪದ ಮಣ್ಣಿನಲ್ಲಿ ಬಿಸಿ ಇಳಿಯುವುದು ಬಹಳ ನಿಧಾನ. ಅದು ಒಳಗೆ ಮುಟ್ಟುವ ಹೊತ್ತಿಗೆ ಹೊತ್ತು ಮುಳುಗಿರುತ್ತದೆ, ಆಗ ನಾವೆಲ್ಲ ಹಾಸಿಗೆ ಎತ್ತಿಕೊಂಡು ಮೇಲೆ ಹೋಗಿರುತ್ತಿದ್ದೆವು. ಶೇಂಗಾ ಒಣಗುವುದು ಅಲ್ಲೇ, ಮೆಣಸಿನಕಾಯಿ ಅಲ್ಲೇ, ಸಂಡಿಗೆ ಅಲ್ಲೇ. ನಡುವೆ ಒಂದು ಗವಾಕ್ಷಿ, ಅಡುಗೆಮನೆ ಹೊಗೆ ಹೊರಗೆ ಹೋಗಲು ಮತ್ತು ಬೆಳಕು ಒಳಗೆ ಬರಲು. ಮಳೆ ಬಂದರೆ ಯಾರಾದರೂ ಓಡಿ ಹೋಗಿ ಅದನ್ನು ಮುಚ್ಚಬೇಕು. ಇನ್ನೂ ಬಡಗಣಕ್ಕೆ ಹೋದರೆ ಅದೇ ಬೆಳಕಿಂಡಿ. ನಮ್ಮ ಕಡೆಯವರು ಹೊಗೆಯನ್ನು ನೆನೆದು ಹೆಸರಿಟ್ಟಿಲ್ಲ, ಅವರು ಬೆಳಕನ್ನು ನೆನೆದು ಇಟ್ಟಿದ್ದಾರೆ. ಬೆಳಕಿಂಡಿ ಅನ್ನುವುದು ಕನ್ನಡದ ಚೆಂದದ ಮಾತುಗಳಲ್ಲಿ ಒಂದು.

ಈಗ ಮಾಡು. ಅಮ್ಮನ ಊರಿನಲ್ಲಿ ಮಳೆಗಾಲ ಅಂದರೆ ಮೃಗಶಿರಾದಿಂದ ಶುರುವಾಗಿ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಅಂತ ತಿಂಗಳುಗಟ್ಟಲೆ ಬಿಡದೆ ಹೊಯ್ಯುವ ಮಳೆ. ಅಲ್ಲಿ ಸಮತಟ್ಟಾದ ಮಣ್ಣು ಒಂದು ವಾರವೂ ನಿಲ್ಲದು. ಹಿಂದೆ ಹುಲ್ಲು ಅಥವಾ ಅಡಿಕೆ ಸೋಗೆ ಹೊದಿಸುತ್ತಿದ್ದರು. ‘ಮನೆ ಕಟ್ಟಿಸಿದರು’ ಅನ್ನುವಷ್ಟೇ ಸಲೀಸಾಗಿ ‘ಮನೆ ಹೊದಿಸಿದರು’ ಅನ್ನುವ ಮಾತು ಬರುತ್ತಿತ್ತು, ಯಾಕೆಂದರೆ ಕಟ್ಟುವುದು ಒಮ್ಮೆ, ಹೊದಿಸುವುದು ಮತ್ತೆ ಮತ್ತೆ. ಇಳಿಜಾರು ಕಡಿದಾಗಿರಬೇಕು. ಹುಲ್ಲಿನ ಎಸಳಿನಿಂದ ಎಸಳಿಗೆ ಜಾರಿ ನೀರು ಕೆಳಗೆ ಬರಬೇಕು, ಒಳಗೆ ಇಳಿಯಲು ಅದಕ್ಕೆ ಪುರುಸೊತ್ತೇ ಸಿಗಬಾರದು. ಒಳಗಿನ ಒಲೆಯ ಹೊಗೆಯೂ ಈ ಕೆಲಸದಲ್ಲಿ ಪಾಲುದಾರ. ಹೊಗೆ ಹುಲ್ಲಿನ ಮೂಲಕ ಹಾದು ಹೋಗುವಾಗ ಹುಳುಗಳನ್ನು ದೂರ ಇಡುತ್ತಿತ್ತು, ಮರವನ್ನು ಒಣಗಿಸಿ ಇಡುತ್ತಿತ್ತು. ಅದರ ಕಪ್ಪು ಜೂಲು ಮೇಲಿಂದ ನೇತಾಡುತ್ತಿತ್ತು. ಅದಕ್ಕೆ ಇಲ್ಲಣ ಅಂತ ಹೆಸರು. ಗ್ಯಾಸ್ ಒಲೆ ಬಂದ ಮೇಲೆ ಹುಟ್ಟಿದ ಮಕ್ಕಳಿಗೆ ಈ ಮಾತು ಬೇಕಾಗಿಯೇ ಇಲ್ಲ.

ಹುಲ್ಲಿನ ನಂತರ ಹಂಚು. ಮೊದಲಿಗೆ ಕೈ ಹಂಚು, ನಾಡ ಹಂಚು. ಕುಂಬಾರರು ತಿಗರಿಯಲ್ಲಿ ಕೊಳವೆಯ ಹಾಗೆ ಎತ್ತಿ, ಸೀಳಿ, ಸುಟ್ಟದ್ದು. ಒಂದು ಸಾಲು ಅಂಗಾತ, ಅದರ ಮೇಲೆ ಒಂದು ಸಾಲು ಮಗುಚಿ. ಕೋತಿ ಓಡಿದರೆ, ಗಾಳಿ ಜಾಸ್ತಿಯಾದರೆ, ತೆಂಗಿನಕಾಯಿ ಬಿದ್ದರೆ ಸರಿದು ಹೋಗುತ್ತದೆ. ಹಾಗಾಗಿ ಪ್ರತಿ ವರ್ಷ ಮಳೆಗೆ ಮೊದಲು ಹಂಚು ಕೈಯಾಡಿಸಬೇಕು. ಒಂದೊಂದನ್ನೇ ಎತ್ತಿ, ಕಸ ತೆಗೆದು, ಒಡೆದದ್ದನ್ನು ಬದಲಿಸಿ, ಮತ್ತೆ ಜೋಡಿಸುವುದು. ‘ಕೈಯಾಡಿಸುವುದು’ ಅಂದರೆ ಸಾಕು, ಏನನ್ನು ಅಂತ ಹೇಳಬೇಕಾಗಿರಲಿಲ್ಲ. ಅದನ್ನು ಮಾಡುವವರ ಕಾಲು ಎಷ್ಟು ಹಗುರ ಇರಬೇಕು ಅಂತ ಯೋಚಿಸಿ. ಇಡೀ ಮನೆಯ ಮೇಲೆ ನಡೆದಾಡಬೇಕು, ಕಾಲಡಿ ಒಂದೂ ಒಡೆಯಬಾರದು.

ಆಮೇಲೆ ಮಂಗಳೂರು ಹಂಚು ಬಂತು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದರು. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಜೇಡಿಮಣ್ಣು ಹತ್ತಿರದಲ್ಲೇ ಇತ್ತು. ಸುಡಲು ಘಟ್ಟದ ಕಟ್ಟಿಗೆ ಇತ್ತು. ಸಾಗಿಸಲು ಹೊಳೆ ಮತ್ತು ಕಡಲು ಇತ್ತು. ಈ ಹಂಚಿನ ಜಾಣತನ ಅದರ ಅಂಚಿನಲ್ಲಿದೆ. ಒಂದು ಹಂಚಿನ ಏಣು ಪಕ್ಕದ ಹಂಚಿನ ತೋಡಿನಲ್ಲಿ ಸರಿಯಾಗಿ ಕೂರುತ್ತದೆ, ಹಿಂದಿನ ಮೂಗು ಮರದ ರೀಪಿಗೆ ಸಿಕ್ಕಿಕೊಳ್ಳುತ್ತದೆ. ಗಾಳಿಗೆ ಸುಲಭವಾಗಿ ಸರಿಯುವುದಿಲ್ಲ. ಎರಡು ಪದರ ಬೇಡ, ಒಂದೇ ಸಾಕು. ಆದ್ದರಿಂದ ಭಾರ ಕಡಿಮೆ, ಕೆಳಗಿನ ಪಕಾಸಿಗಳಿಗೆ ಬೇಕಾಗುವ ಮರವೂ ಕಡಿಮೆ. ಹುಲ್ಲಿನ ಮಾಡಿಗೆ ಇದ್ದ ಬೆಂಕಿಯ ಭಯ ಇಲ್ಲ. ಹಡಗು ಹತ್ತಿ ಮುಂಬೈಗೆ ಹೋಯಿತು, ಪರದೇಶಗಳಿಗೂ ಹೋಯಿತು. ಊರವರೂ ಕಾರ್ಖಾನೆಗಳನ್ನು ಹಾಕಿದರು. ಹಳೇ ಮನೆ ಬಿಚ್ಚುವಾಗ ಹಂಚಿನ ಬೆನ್ನು ನೋಡುವುದು ನನಗೊಂದು ಚಟ. ಕಾರ್ಖಾನೆ ಹೆಸರು, ಊರ ಹೆಸರು ಅಚ್ಚೊತ್ತಿ ಇರುತ್ತದೆ, ಒಮ್ಮೊಮ್ಮೆ ಒಂದು ಪ್ರಾಣಿಯ ಗುರುತೂ ಇರುತ್ತದೆ.

ಇಲ್ಲೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ, ಅದೇ ಮಂಗಳೂರಿನಲ್ಲಿ, ಅದೇ ಬಾಸೆಲ್ ಮಿಷನ್ನಿನ ಮುದ್ರಣಾಲಯದಲ್ಲಿ. ಸುಮಾರು 70,000 ಪದಗಳು. ಒಂದೇ ಸಂಸ್ಥೆ ಒಂದೇ ಊರಿನಲ್ಲಿ ಒಂದು ಕೈಯಿಂದ ಕನ್ನಡದ ಪದಗಳನ್ನು ಕೂಡಿಹಾಕುತ್ತಿತ್ತು, ಇನ್ನೊಂದು ಕೈಯಿಂದ ಇಡೀ ಕರಾವಳಿ, ಮಲೆನಾಡಿನ ಮನೆಗಳ ಮೇಲೆ ಒಂದೇ ಅಳತೆಯ ಹಂಚನ್ನು ಕೂರಿಸುತ್ತಿತ್ತು. ಹುಲ್ಲು ಹೊದಿಸುವ, ಸೋಗೆ ಕಟ್ಟುವ, ಕೈ ಹಂಚು ಮಗುಚುವ ಕೆಲಸಗಳು ಕಡಿಮೆಯಾಗತೊಡಗಿದ್ದ ಕಾಲದಲ್ಲೇ ಆ ಕೆಲಸಗಳ ಮಾತುಗಳು ನಿಘಂಟಿಗೆ ಸೇರಿದವು. ಇದರಲ್ಲಿ ಯಾರ ತಪ್ಪೂ ಇಲ್ಲ. ಮಂಗಳೂರು ಹಂಚು ಒಳ್ಳೆಯ ವಸ್ತು, ಬಡವರನ್ನೂ ಒಣಗಿದ ನೆಲದ ಮೇಲೆ ಮಲಗಿಸಿತು. ಕಿಟೆಲ್ ನಿಘಂಟು ನಮ್ಮ ಭಾಗ್ಯ. ಆದರೂ ಈ ಎರಡು ಕೆಲಸಗಳು ಒಂದೇ ಊರಿನಲ್ಲಿ ಹತ್ತಿರ ಹತ್ತಿರ ನಡೆದವು ಅನ್ನುವುದು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಮಾಡಿಗೆ ಒಂದು ಶತ್ರು ಉಂಟು: ಎರಚಲು. ನೇರ ಬೀಳುವ ಮಳೆಯನ್ನು ಮಾಡು ನೋಡಿಕೊಳ್ಳುತ್ತದೆ. ಗಾಳಿ ಬೀಸಿ ಅಡ್ಡಡ್ಡ ಬರುವ ಮಳೆಗೆ ಏನು ಮಾಡುವುದು? ಅದಕ್ಕೇ ಮಲೆನಾಡಿನಲ್ಲಿ ಮಳೆಗಾಲಕ್ಕೆ ಮೊದಲು ಜಗಲಿಯ ಪಡುವಣ ಬದಿಗೆ ಸೋಗೆ ತಟ್ಟಿ ಕಟ್ಟುತ್ತಾರೆ. ಮನೆಯೊಳಗೆ ನಾಲ್ಕು ತಿಂಗಳು ಮಬ್ಬುಗತ್ತಲೆ. ಮಳೆ ಮುಗಿದು ತಟ್ಟಿ ಬಿಚ್ಚಿದ ದಿನ ಜಗಲಿಗೆ ಬಿಸಿಲು ಬಂದಾಗ ಅಮ್ಮಮ್ಮ ಹಬ್ಬ ಬಂದ ಹಾಗೆ ಖುಷಿಪಡುತ್ತಿದ್ದಳು.

ಮಾಡಿನ ಆಕಾರ ನಮ್ಮ ಜನರ ಕಣ್ಣಿಗೆ ಎಷ್ಟು ಇಳಿದಿತ್ತು ಅನ್ನುವುದಕ್ಕೆ ಕಲ್ಲೇ ಸಾಕ್ಷಿ. ಐಹೊಳೆಯ ಲಾಡಖಾನ್ ಗುಡಿಗೆ ಹೋದವರು ಒಳಗಿನ ಕೆತ್ತನೆ ನೋಡಿ ಬಂದುಬಿಡುತ್ತಾರೆ. ಮುಂದಿನ ಸಲ ಮೇಲೆ ನೋಡಿ. ಚಪ್ಪಡಿಗಳನ್ನು ಇಳಿಜಾರಾಗಿ ಹೊದಿಸಿದ್ದಾರೆ. ಎರಡು ಚಪ್ಪಡಿ ಸೇರುವ ಸಂದಿನ ಮೇಲೆ ಉದ್ದನೆಯ ಕಲ್ಲಿನ ಪಟ್ಟಿ, ಮರದ ದಿಮ್ಮಿ ಇಟ್ಟ ಹಾಗೆ. ಮಳೆ ಕಡಿಮೆ ಇರುವ ಮಲಪ್ರಭೆಯ ದಂಡೆಯಲ್ಲಿ, ಸಾವಿರ ವರ್ಷಕ್ಕೂ ಹಿಂದೆ, ಕಲ್ಲುಕುಟಿಗರು ಮರದ ಮನೆಯೊಂದನ್ನು ನೆನೆದು ಕಲ್ಲಿನಲ್ಲಿ ಕಟ್ಟಿದ್ದಾರೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ (1430) ಮತ್ತು ಭಟ್ಕಳದ ಹಳೇ ಗುಡಿಗಳಲ್ಲಿ ಕಲ್ಲಿನ ಮಾಡು ಇದೆ, ಅಲ್ಲಿ ಅದು ಬರೀ ನೆನಪಿಗಲ್ಲ, ಮಳೆಗೆ ಬೇಕೇ ಬೇಕು. ಘಟ್ಟದ ಕೆಳಗಿನ ಗುಡಿಗೂ ಅಲ್ಲಿನ ಮನೆಗೂ ಒಂದೇ ಮಳೆ. ಇಬ್ಬರ ತಲೆಯ ಮೇಲೂ ಮಾಡೇ.

ಚಪ್ಪರದ ವಿಚಾರ ಪೂರ್ತಿ ಬೇರೆ. ಚಪ್ಪರಕ್ಕೆ ಮಳೆಯ ಹಂಗಿಲ್ಲ. ಅದು ನೆರಳಿಗೆ, ಸಂಭ್ರಮಕ್ಕೆ, ಬಳ್ಳಿಗೆ. ಅಮ್ಮನ ಊರಿನಲ್ಲಿ ಮಳೆ ಮುಗಿದ ಮೇಲೆ ಅಂಗಳಕ್ಕೆ ಅಡಿಕೆ ಮರದ ಕಂಬ ನೆಟ್ಟು, ದಬ್ಬೆ ಹಾಸಿ, ಸೋಗೆ ಹೊದಿಸಿ ಚಪ್ಪರ ಹಾಕುತ್ತಾರೆ. ಬೇಸಿಗೆಯ ಮದುವೆ, ಮುಂಜಿ, ಪೂಜೆ ಎಲ್ಲ ಅದರಡಿ. ಮತ್ತೆ ಮಳೆ ಬರುವ ಮೊದಲು ಬಿಚ್ಚಿಬಿಡುತ್ತಾರೆ. ಅಪ್ಪನ ಊರಿನಲ್ಲಿ ಮದುವೆ ಮನೆಗೆ ಹಸಿರು ಚಪ್ಪರ ಹಾಕುವುದೇ ಒಂದು ಶಾಸ್ತ್ರ. ಸೊಪ್ಪು ತರಲು ನೆಂಟರು, ಒಕ್ಕಲು ಎಲ್ಲ ಸೇರಿ ಹೋಗಬೇಕು, ಕಂಬಕ್ಕೆ ಪೂಜೆ ಆಗಬೇಕು, ಹಾಕಿದವರಿಗೆ ಊಟ ಆಗಬೇಕು. ಮದುವೆಯ ಹಿಂದಿನ ದಿನಕ್ಕೇ ‘ಚಪ್ಪರ’ ಅಂತ ಹೆಸರು. ‘ಚಪ್ಪರಕ್ಕೇ ಬಂದುಬಿಡಿ’ ಅಂತ ಕರೆದರೆ ಹತ್ತಿರದ ನೆಂಟ ಅಂತ ಲೆಕ್ಕ, ‘ಧಾರೆಗೆ ಬನ್ನಿ’ ಅಂದರೆ ಸ್ವಲ್ಪ ದೂರ. ಧಾರವಾಡ ಕಡೆ ಇದು ಹಂದರ. ಅಲ್ಲಿ ಹಂದರಗಂಬ ನೆಟ್ಟ ಮೇಲೆ ಮದುವೆ ಶುರುವಾಯಿತು ಅಂತಲೇ ಅರ್ಥ. ಮಲ್ಲಿಗೆ ಬಳ್ಳಿಗೂ ಹಂದರ, ಮದುಮಕ್ಕಳಿಗೂ ಹಂದರ.

ತರಕಾರಿ ಅಂಗಡಿಯಲ್ಲಿ ಚಪ್ಪರದವರೆಕಾಯಿ ಕೊಳ್ಳುವಾಗ ಈ ಮಾತು ನಮ್ಮ ಕೈಗೇ ಬರುತ್ತದೆ. ಬಳ್ಳಿಯ ಮೇಲಿನ ಹೊದಿಕೆ ಅಲ್ಲ ಅದು, ಬಳ್ಳಿಯೇ ಹೊದಿಕೆ. ಕೆಳಗೆ ನಿಂತವರಿಗೆ ನೆರಳು, ಮೇಲೆ ಕಾಯಿ. ಈಗ ಮದುವೆ ಛತ್ರಗಳ ಮುಂದೆ ಬಣ್ಣದ ಬಟ್ಟೆಯ ಶಾಮಿಯಾನ, ಬೀದಿಯ ಗಣೇಶನಿಗೆ ಪೆಂಡಾಲ್. ಅವಕ್ಕೆ ಸೊಪ್ಪು ತರಲು ಯಾರೂ ಹೋಗಬೇಕಿಲ್ಲ, ಫೋನ್ ಮಾಡಿದರೆ ಬರುತ್ತದೆ, ರಾತ್ರಿಯೇ ಬಿಚ್ಚಿಕೊಂಡು ಹೋಗುತ್ತಾರೆ. ಅನುಕೂಲವೇ. ಆದರೆ ನೆಂಟರನ್ನು ಒಂದು ದಿನ ಮೊದಲೇ ಸೇರಿಸುತ್ತಿದ್ದ ಕೆಲಸ ಅದು ಅನ್ನುವುದನ್ನು ಮರೆಯಬಾರದು.

ತಲೆಯ ಮೇಲೆ ಹೊತ್ತುಕೊಂಡೇ ತಿರುಗುವ ಹೊದಿಕೆಗಳೂ ಇದ್ದವು. ನಾಟಿ ಮಾಡುವ ಹೆಂಗಸರು ಬೆನ್ನು ಬಗ್ಗಿಸಿದಾಗ ತಲೆಯಿಂದ ಸೊಂಟದವರೆಗೆ ಮುಚ್ಚುತ್ತಿದ್ದ ಎಲೆಯ ಗೊರಬು, ತುಳುವಿನಲ್ಲಿ ಕೊರಂಬು. ಗಂಡಸರಿಗೆ ಕಂಬಳಿ ಕೊಪ್ಪೆ. ತೋಟದವರಿಗೆ ಅಡಿಕೆ ಹಾಳೆಯ ಮುಟ್ಟಾಳೆ. ಕೊಡೆ ಹಿಡಿದರೆ ಒಂದು ಕೈ ಹೋಯಿತು, ನಾಟಿ ಮಾಡುವುದು ಹೇಗೆ? ಹಾಗಾಗಿ ಕೈಗೆ ಬಿಡುವು ಕೊಡುವ ಹೊದಿಕೆ. ದೇವರ ಮೇಲೆ ಕಟ್ಟುವ ಬಟ್ಟೆ ಮೇಲ್ಕಟ್ಟು, ಅದು ಮಳೆಗೂ ಅಲ್ಲ ಬಿಸಿಲಿಗೂ ಅಲ್ಲ, ಮರ್ಯಾದೆಗೆ.

ಇನ್ನು ತಾರಸಿ. ಹೆಸರು ಕೇಳಿದರೇ ಗೊತ್ತಾಗುತ್ತದೆ, ಹೊರಗಿನಿಂದ ಬಂದದ್ದು. ಬೆಂಗಳೂರು, ಮೈಸೂರಿನ ಹಳೇ ಬಂಗಲೆಗಳಲ್ಲಿ ಇರುವುದು ಮದ್ರಾಸ್ ತಾರಸಿ. ತೇಗದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ, ಸುಣ್ಣದ ಗಾರೆಯಲ್ಲಿ ಜೋಡಿಸುತ್ತಿದ್ದರು. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣ. ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಿಂದ ದಿನಗಟ್ಟಲೆ ಬಡಿದು ಅದನ್ನು ಗಟ್ಟಿ ಮಾಡುತ್ತಿದ್ದರು. ಹುಬ್ಬಳ್ಳಿ ಕಡೆ ತಾರಸಿಗೆ ‘ಗಚ್ಚಿ’ ಅನ್ನುತ್ತಾರೆ. ಗಚ್ಚು ಅಂದರೆ ಗಾರೆ. ಆ ಬಡಿತವೆಲ್ಲ ಆ ಮಾತಿನಲ್ಲಿ ಕೂತಿದೆ. ಆಮೇಲೆ ಸಿಮೆಂಟು, ಕಬ್ಬಿಣ. ಈಗ ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ಹುಡುಕುವವರಿಗೆ ಎರಡೇ ಜಾತಿ ಮನೆ: ಶೀಟ್ ಮನೆ, ಮೋಲ್ಡ್ ಮನೆ. ಬಾಡಿಗೆ ಎಷ್ಟು ಅನ್ನುವುದು ತಲೆ ಮೇಲೆ ಏನಿದೆ ಅನ್ನುವುದರ ಮೇಲೆ ನಿಂತಿದೆ. ಏಪ್ರಿಲ್ ತಿಂಗಳಲ್ಲಿ ಶೀಟ್ ಮನೆಯಲ್ಲಿ ಮಧ್ಯಾಹ್ನ ಕಳೆದವರಿಗೆ ಆ ಎರಡು ಪದಗಳ ನಡುವಿನ ದೂರ ಚೆನ್ನಾಗಿ ಗೊತ್ತು.

ಸರ್ಕಾರಕ್ಕೂ ಇದು ಗೊತ್ತು. 2011ರ ಜನಗಣತಿಯಲ್ಲಿ ಮನೆಪಟ್ಟಿ ಮಾಡಲು ಬಂದವರು ಗೋಡೆ ಯಾವುದರದ್ದು, ನೆಲ ಯಾವುದರದ್ದು ಎಂಬುದರ ಜೊತೆಗೆ ಮೇಲಿನ ಹೊದಿಕೆ ಯಾವುದರದ್ದು ಅಂತಲೂ ಬರೆದುಕೊಂಡರು. ಹುಲ್ಲು ಒಂದು ಬಗೆ, ಪ್ಲಾಸ್ಟಿಕ್ ಒಂದು ಬಗೆ, ಕೈಯಲ್ಲಿ ಮಾಡಿದ ಹಂಚು ಬೇರೆ, ಯಂತ್ರದ ಹಂಚು ಬೇರೆ, ಕಲ್ಲು, ತಗಡು, ಕಾಂಕ್ರೀಟು. ಅಭ್ಯಾಸ ಪುಸ್ತಕ ಒಂದು ಮಾಡಿದ್ದನ್ನು ಜನಗಣತಿಯ ಫಾರಂ ಬೇರೆ ಬೇರೆ ಮಾಡಿತು. ಯಾರು ಬಡವರು, ಯಾರಿಗೆ ಮನೆ ಕೊಡಬೇಕು ಅಂತ ತಿಳಿಯಬೇಕಾದರೆ ಹಾಗೆ ಕೇಳಲೇಬೇಕು.

ಮನೆ ಕೊಡುವ ಮಾತು ಬಂದಾಗ ಸರ್ಕಾರ ಬಳಸುವ ಪದ ಮಾತ್ರ ಸೂರು. ‘ಸರ್ವರಿಗೂ ಸೂರು.’ ಪತ್ರಿಕೆಗಳಲ್ಲಿ ‘ಸೂರಿಲ್ಲದವರು’, ‘ಒಂದೇ ಸೂರಿನಡಿ’. ಆದರೆ ಹಳ್ಳಿಯವರ ಬಾಯಲ್ಲಿ ಸೂರು ಅಂದರೆ ಮಾಡಿನ ಕೆಳತುದಿ. ಗೋಡೆಯನ್ನು ದಾಟಿ ಹೊರಗೆ ಚಾಚಿ ಇಳಿದ ಭಾಗ, ನೀರು ತೊಟ್ಟಿಕ್ಕುವ ಅಂಚು. ಪಕ್ಕದ ತೆಲುಗಿನಲ್ಲಿ ‘ಚೂರು’ ಅಂದರೆ ಇವತ್ತಿಗೂ ಅದೇ. ಬೇಲೂರಿನ ಮದನಿಕೆಯರು ನಿಂತಿರುವುದು ಸೂರಿನ ಕೆಳಗೆ.

ಈ ಅಂಚಿನ ಬಗ್ಗೆ ನನಗೆ ಬಹಳ ಹೇಳಬೇಕಿದೆ. ಮನೆಯೊಳಗಿನ ಜಾಗ ಮನೆಯವರದ್ದು. ಅಂಗಳದಾಚೆ ಊರಿನದ್ದು. ಸೂರಿನ ಕೆಳಗಿನ ಎರಡು ಅಡಿ ಮಾತ್ರ ಎಲ್ಲರದ್ದು. ಕೆಲಸ ಮುಗಿಸಿ ಬಂದವರು ಕುಡುಗೋಲನ್ನು ಸೂರಿಗೆ ಸಿಕ್ಕಿಸುತ್ತಾರೆ. ಸೌದೆ ಅದರ ಕೆಳಗೆ ಒಣಗಿರುತ್ತದೆ. ಕೋಳಿ ಅಲ್ಲಿ ಮುದುಡಿ ಕೂರುತ್ತದೆ, ಗುಬ್ಬಿ ಅಲ್ಲಿ ಗೂಡು ಕಟ್ಟುತ್ತದೆ. ದಾರಿಹೋಕ ಮಳೆಗೆ ಸಿಕ್ಕಿದರೆ ಯಾರ ಮನೆ ಅಂತ ಕೇಳದೆ ಸೂರಿನಡಿ ನಿಲ್ಲುತ್ತಾನೆ. ಒಳಗಿನವರು ‘ಯಾರು ನೀನು’ ಅಂತ ಗದರುವುದಿಲ್ಲ. ಜಾಸ್ತಿ ಹೊತ್ತು ನಿಂತರೆ ‘ಒಳಗೆ ಬನ್ನಿ, ಕೂತ್ಕೊಳ್ಳಿ’ ಅನ್ನುತ್ತಾರೆ. ಸೂರು ಗೋಡೆಯನ್ನೂ ಕಾಯುತ್ತದೆ. ಮಣ್ಣಿನ ಗೋಡೆಗೆ ನೀರು ತಾಗದಂತೆ ದೂರ ಚೆಲ್ಲುವುದೇ ಅದರ ಮೊದಲ ಕೆಲಸ.

ಈಗ ‘ಸೂರು’ ಅಂತ ಕಟ್ಟಿಕೊಡುವ ಮನೆಗಳನ್ನು ನೋಡಿ. ನಾಲ್ಕು ಗೋಡೆ, ಮೇಲೆ ಸಮತಟ್ಟಾದ ಮೋಲ್ಡು, ಗೋಡೆಯ ನೇರಕ್ಕೆ ಕತ್ತರಿಸಿದ ಅಂಚು. ಕಿಟಕಿ ಮೇಲೆ ಗೇಣುದ್ದದ ಸಜ್ಜಾ, ಒಮ್ಮೊಮ್ಮೆ ಅದೂ ಇಲ್ಲ. ಸೂರು ಅನ್ನುವ ಹೆಸರಿನ ಮನೆಗೆ ಸೂರೇ ಇಲ್ಲ. ನೀರು ಗೋಡೆ ಮೇಲೇ ಇಳಿಯುತ್ತದೆ. ಮೊದಲ ಮಳೆಗೇ ಬಣ್ಣ ಹೋಗಿ, ಎರಡನೇ ವರ್ಷಕ್ಕೆ ಪಾಚಿ ಬಂದು, ಒಳಗಿನ ಗೋಡೆ ತೇವ ಕುಡಿಯುತ್ತದೆ. ಹಣ ಉಳಿಸಲು ಕತ್ತರಿಸಿದ್ದು ಆ ಎರಡು ಅಡಿಯನ್ನೇ. ಬಡವರ ಮನೆ ಕಟ್ಟುವಾಗ ಮೊದಲು ಕೈಬಿಡುವುದು ಬಡವರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಭಾಗವನ್ನು. ಸೌದೆ ಎಲ್ಲಿಡಬೇಕು ಅವರು? ಕುರಿಮರಿ ಎಲ್ಲಿ ಕಟ್ಟಬೇಕು? ಮಳೆ ಬಂದಾಗ ಬಾಗಿಲಲ್ಲಿ ಕೂತು ಪಕ್ಕದ ಮನೆಯವರೊಡನೆ ಮಾತಾಡುವುದು ಹೇಗೆ? ಆಗುಂಬೆ ಹತ್ತಿರವೂ ಅದೇ ನಕ್ಷೆ, ಚಳ್ಳಕೆರೆಯಲ್ಲೂ ಅದೇ ನಕ್ಷೆ. ಮಳೆಯನ್ನು ಯಾರೂ ಕೇಳಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ.

ಬಿಸಿಲು ಸೀಮೆಯಲ್ಲೂ ನಷ್ಟ ಸಣ್ಣದಲ್ಲ. ದೊಡ್ಡಪ್ಪ ಮಾಳಿಗೆ ತೆಗೆಸಿ ಮೋಲ್ಡ್ ಹಾಕಿಸಿದರು. ವರ್ಷಾ ವರ್ಷಾ ಕರ್ಲು ಹೊರುವವರು ಸಿಗುತ್ತಿರಲಿಲ್ಲ, ಜಂತಿಗೆ ಹುಳು ಹಿಡಿದಿತ್ತು, ಮಕ್ಕಳು ಊರಲ್ಲಿ ಇರಲಿಲ್ಲ. ಬೇರೆ ದಾರಿ ಇರಲಿಲ್ಲ ಅನ್ನುವುದು ನಿಜ. ಸೋರುವುದು ನಿಂತಿತು. ಆದರೆ ತೆಳ್ಳನೆಯ ಕಾಂಕ್ರೀಟು ಮಧ್ಯಾಹ್ನದ ಬಿಸಿಲನ್ನು ಕುಡಿದು ಸಂಜೆ ಒಳಗೆ ಕಕ್ಕುತ್ತದೆ. ರಾತ್ರಿ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತದೆ. ದೊಡ್ಡಪ್ಪ ಅದನ್ನು ಈಗಲೂ ಮಾಳಿಗೆ ಅಂತಲೇ ಕರೆಯುತ್ತಾರೆ. ಹತ್ತಿ ಮಲಗಬಹುದಲ್ಲ, ಶೇಂಗಾ ಒಣಗಿಸಬಹುದಲ್ಲ, ಆ ಹೆಸರಿಗೆ ಅಷ್ಟು ಸಾಕು. ತಂಪು ಮಾತ್ರ ಹೋಯಿತು.

ಅಮ್ಮನ ಊರಿನಲ್ಲಿ ನಡೆದದ್ದು ಇನ್ನೊಂದು ಬಗೆ. ಸೋದರಮಾವ ಹಂಚಿನ ಮನೆಯ ಪಕ್ಕದಲ್ಲಿ ಪೇಟೆಯವರ ಹಾಗೆ ತಾರಸಿ ಮನೆ ಕಟ್ಟಿಸಿದರು. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಮೂಲೆಗಳಲ್ಲಿ ತೇವ ಬಂತು. ಸಮತಟ್ಟಾದ ಕಾಂಕ್ರೀಟಿನ ಮೇಲೆ ನಾಲ್ಕು ತಿಂಗಳು ನೀರು ಆಡಿದರೆ ಸಣ್ಣ ಬಿರುಕೂ ದಾರಿಯಾಗುತ್ತದೆ. ಬಳಿದ ಯಾವ ಬಣ್ಣವೂ ನಿಲ್ಲಲಿಲ್ಲ. ಕೊನೆಗೆ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ಎರಡೂ ಬದಿಗೆ ಇಳಿಜಾರಾಗಿ ತಗಡಿನ ಶೀಟು ಹೊದಿಸಿದರು. ಉಡುಪಿಯಿಂದ ಶಿವಮೊಗ್ಗದವರೆಗೆ ದಾರಿಯುದ್ದಕ್ಕೂ ಈಗ ಇದೇ ನೋಟ: ಕೆಳಗೆ ಪೇಟೆಯ ಸಮತಟ್ಟು ಮನೆ, ಮೇಲೆ ಮಲೆನಾಡಿನ ಇಳಿಜಾರು. ಎರಡು ಖರ್ಚು ಮಾಡಿ ಮೊದಲಿದ್ದಲ್ಲಿಗೇ ಬಂದಿದ್ದಾರೆ. ಮಳೆಗೆ ಬೇಕಾದ ಆಕಾರವನ್ನು ಮಳೆಯೇ ಮತ್ತೆ ಕಟ್ಟಿಸಿಕೊಂಡಿದೆ.

ಶೀಟು ಹಂಚಿನಷ್ಟು ಚೆಂದ ಇಲ್ಲ. ಜೋರು ಮಳೆಯಲ್ಲಿ ಅದರ ಸದ್ದಿಗೆ ಮಾತು ಕೇಳಿಸುವುದಿಲ್ಲ. ಆದರೆ ಅದರ ಅಂಚು ಗೋಡೆ ದಾಟಿ ಹೊರಗೆ ಬಂದಿದೆ, ಸೌದೆ ಒಣಗಿದೆ. ಶೀಟಿಗೂ ತಾರಸಿಗೂ ನಡುವೆ ಸಿಕ್ಕ ಜಾಗದಲ್ಲಿ ಅಡಿಕೆ ಹರವುತ್ತಾರೆ, ಬಟ್ಟೆ ಒಣಹಾಕುತ್ತಾರೆ, ಮಕ್ಕಳು ಮಳೆಯಲ್ಲೂ ಆಡುತ್ತಾರೆ. ಕೆಲಸಕ್ಕೆ ಬಂದವರು ಅದನ್ನು ‘ರೂಫಿಂಗ್’ ಅಂದರು, ಬಿಲ್ಲಿನಲ್ಲಿ ‘ಟ್ರಸ್ ವರ್ಕ್’ ಅಂತ ಇತ್ತು. ಮಾವ ‘ಶೀಟು’ ಅನ್ನುತ್ತಾರೆ. ಫೋನಿನಲ್ಲಿ ಅತ್ತೆ ನನಗೆ ಹೇಳಿದ್ದು ಮಾತ್ರ ಹೀಗೆ: ‘ಮೇಲೊಂದು ಮಾಡು ಹಾಕಿಸಿದ್ವಿ ಮಾರಾಯ್ತಿ, ಈ ಸಲ ಮಳೆ ಎಷ್ಟು ಬೇಕಾದ್ರೂ ಬರ್ಲಿ.’